ಹಿಕಪ್ ದೊರೆ

ನ್ಯೂವಾರ್ಕಿನ ಸೌತ್ ವಾರ್ಡು. ಎಂಬತ್ತೆಂಟರ ಜುಲೈ.
ಬೀದಿದೀಪದ ಕಂಬದ ಹೊಟ್ಟೆ ಬಗೆದು
ಕರೆಂಟು ಕದ್ದಿದ್ದ ನಮ್ಮಣ್ಣ ರಾಸ್ಕೋ.
ಎರಡು ಟರ್ನ್‌ಟೇಬಲ್, ಒಂದೇ ಮೈಕು,
ಮೈಕಿಗೆ ಸುತ್ತಿದ್ದು ಅಮ್ಮನ ಹಳೇ ಕಾಲುಚೀಲ.

ಆ ಬೇಸಿಗೆಯಲ್ಲಿ ಎಲ್ಲರೂ ರಾಜರೇ.
ಒಬ್ಬನ ಕೊರಳಲ್ಲಿ ನಾಯಿ ಕಟ್ಟುವಷ್ಟು ದಪ್ಪ ಚಿನ್ನ,
ಬೆವರಿದರೆ ಹಸಿರಾಗುವ ಚಿನ್ನ.
ಒಬ್ಬನ ಬಾಯಲ್ಲಿ ಬರೀ ಬಂದೂಕು.
ಇನ್ನೊಬ್ಬ ಹೋದಲ್ಲೆಲ್ಲ ಹುಡುಗಿಯರ ಸಾಲಂತೆ.
ಆ ಸಾಲಲ್ಲಿ ನಾನಂತೂ ನಿಂತಿರಲಿಲ್ಲ;
ಹಲ್ಲಿನ ಸಂದಿಗೆ ಅಂಗೈ ಮುಚ್ಚಿಕೊಂಡು
ಮೆಟ್ಟಿಲ ಮೇಲೆ ಕೂತಿದ್ದೆ.

ಆಮೇಲೆ ಬಂದ ಕ್ಲಿಫ್ಟನ್ ಮೇಬೆರಿ,
ಮೀನು ಕರಿಯುವ ಅಂಗಡಿಯ ಏಪ್ರನ್ನೂ ಬಿಚ್ಚದೆ.
ಲಾರ್ಡ್ ಹಿಕಪ್: ತಾನೇ ಇಟ್ಟುಕೊಂಡ ಬಿರುದು.
ಹುಟ್ಟಾ ಬಿಕ್ಕಳಿಕೆ. ಸಾಲಿನ ನಡುವೆ ಹಿಕ್ ಎಂದರೆ
ಅದನ್ನೇ ತಾಳ ಮಾಡಿ
ಮುಂದಿನ ಸಾಲನ್ನು ಅದರ ಬೆನ್ನಿಗೆ ಹತ್ತಿಸುತ್ತಿದ್ದ.
ಪ್ರಾಸಕ್ಕೆ ತ್ರಾಸ ಎನ್ನುತ್ತಾರಲ್ಲ,
ಇವನು ತ್ರಾಸಕ್ಕೇ ಪ್ರಾಸ ಹುಡುಕಿದವನು.

ಅವನೂ ಕೊಚ್ಚಿಕೊಂಡ. ಏನೆಂದು?
ಸಾಕ್ಸಿನಿಂದ ಇಣುಕುವ ಹೆಬ್ಬೆರಳು
ಲೋಕಸಂಚಾರಕ್ಕೆ ಹೊರಟಿದೆ ಎಂದು.
ಹುಡುಗಿಗೆ ಫೋನ್ ಮಾಡಿದರೆ ಅವಳಜ್ಜಿ ಎತ್ತಿ
ಒಂದು ಗಂಟೆ ಮಂಡಿನೋವು ಹೇಳಿ
ಕಡೆಗೆ ಅಜ್ಜಿಯನ್ನೇ ಸಿನಿಮಾಕ್ಕೆ ಕರೆದೊಯ್ದೆನೆಂದು;
ಪಾಪ್‌ಕಾರ್ನಿನ ದುಡ್ಡೂ ಅಜ್ಜಿಯದೇ ಎಂದು.

ಬರ್ಗೆನ್ ಸ್ಟ್ರೀಟಿನ ಪ್ರಿನ್ಸ್ ಟೈಟಾನಿಯಂ
ಮೈಕು ಕಿತ್ತುಕೊಂಡ:
ನೀನು ಡುಮ್ಮ, ನಿನ್ನ ಬೂಟು ಬಾಯಿ ಬಿಟ್ಟಿದೆ,
ನಿನ್ನ ನೆರಳಿಗೂ ಮೀನಿನ ನಾತ,
ನಿನ್ನಪ್ಪನಿಗೇ ಗೊತ್ತಿಲ್ಲ ನಿನ್ನ ಹೆಸರು.
ಓ ಎಂದಿತು ಗುಂಪು, ಅರ್ಧಕ್ಕೇ ನಿಲ್ಲಿಸಿತು.
ರಾಸ್ಕೋ ಬೆರಳಿಟ್ಟು ತಟ್ಟೆ ತಡೆದ.

ಕ್ಲಿಫ್ಟನ್ ಏಪ್ರನ್ನಿಗೆ ಕೈ ಒರೆಸಿದ.
ಎಲ್ಲ ನಿಜ ತಮ್ಮಾ, ಲೆಕ್ಕದಲ್ಲಿ ಎರಡು ಬಿಟ್ಟೆ:
ಗೊರಕೆ ಹೊಡೆಯುತ್ತೇನೆ, ಕತ್ತಲೆಗೆ ಹೆದರುತ್ತೇನೆ.
ಅಪ್ಪ ಮೊನ್ನೆ ಅಂಗಡಿಗೆ ಬಂದಿದ್ದ, ಹಿಕ್,
ಗುರುತು ಹಿಡಿಯಲಿಲ್ಲ.
ಎರಡು ತುಂಡು ಹೆಚ್ಚಿಗೇ ಹಾಕಿಕೊಟ್ಟೆ.
ಟಿಪ್ಸ್ ಕೊಡಲಿಲ್ಲ ನನ್ಮಗ.
ತಪ್ಪಾಯ್ತು,
ನಾನವನ ಮಗ.

ಯಾರು ಮೊದಲು ನಕ್ಕರೋ.
ಟೈಟಾನಿಯಂ ಕೂಡ ನಕ್ಕ, ಸರಪಳಿ ಗಲಗಲ,
ಗಾಡಿಯ ಬಾನೆಟ್ಟಿಗೆ ಒರಗಿ ಹೊಟ್ಟೆ ಹಿಡಿದು.
ನನ್ನ ಅಂಗೈ ಎಲ್ಲಿತ್ತೋ ಗೊತ್ತಿಲ್ಲ,
ಬಾಯಿಯ ಮೇಲಂತೂ ಇರಲಿಲ್ಲ.

ಆ ರಾತ್ರಿ ರಾಸ್ಕೋನ ಟೇಪಿನಲ್ಲಿದೆ.
ಮೂರನೇ ಮಹಡಿಯ ಕಿಟಕಿಯಿಂದ ಅಮ್ಮ
ಕೂಗಿದ್ದೂ ಇದೆ, ಸರಿಯಾಗಿ ತಾಳದ ಮೇಲೆ:
ಕಸ ಯಾರು ಹೊರಗಿಡ್ತಾರೆ, ನಿಮ್ಮ ದೊರೆಯಾ?
ಇಡ್ತೀನಮ್ಮಾ, ಅನ್ನುತ್ತಾನೆ ದೊರೆ.
ಇಟ್ಟ ಕೂಡ. ಎರಡು ಚೀಲ.

ಅಮ್ಮ ಹೋಗಿ ಒಂಬತ್ತು ವರ್ಷವಾಯಿತು.
ಒಂದೇ ಒಂದು ರೆಕಾರ್ಡು ತಂದ ಕ್ಲಿಫ್ಟನ್
ಟೊಲೀಡೋದಲ್ಲಿ ಬಸ್ಸು ಓಡಿಸುತ್ತಾನೆ ಎಂದರು,
ಇಲ್ಲವೇ ಇಲ್ಲ ಎಂದೂ ಅಂದರು.
ಬಿಕ್ಕಳಿಕೆ ಬಂದರೆ
ಎಲ್ಲೋ ಯಾರೋ ನೆನೆಯುತ್ತಿದ್ದಾರೆ ಅನ್ನುವುದುಂಟು.
ಹಾಗಿದ್ದರೆ, ಹತ್ತಿರ ಯಾರಿದ್ದೀರೋ,
ಅವನಿಗೊಂದು ಲೋಟ ನೀರು ಕೊಡಿ.
ಟೇಪನ್ನು ಮತ್ತೆ
ಹಿಂದಕ್ಕೆ ತಿರುಗಿಸುತ್ತಿದ್ದೇನೆ.