ಆರನೆಯ ಪದರ

ಡಂಡಿಯ ಡಿಸೆಂಬರಿಗೆ ಹಗಲೆಂದರೆ ಏಳೇ ತಾಸು.
ನೆಲಮಾಳಿಗೆಯಲ್ಲಿ ನನಗೆ ಅದೂ ಇಲ್ಲ.
ಇಲಿಯ ಮಿದುಳು,
ಹಿತುಕಿದ ಅವರೆಕಾಳಿನಂತೆ ಎರಡು ಬೇಳೆ.
ಹೆಪ್ಪುಗಟ್ಟಿಸಿ, ಅಲಗಿಗೆ ಕೊಟ್ಟು,
ಹಾಲಿನ ಕೆನೆಗಿಂತ ತೆಳ್ಳಗೆ ಕೊಯ್ದು
ಕುಂಚದ ತುದಿಯಲ್ಲಿ ಎತ್ತಿ ಗಾಜಿನ ಮೇಲೆ ಮಲಗಿಸುತ್ತೇನೆ.
ಒಂದು ಹರಿಯಿತು. ಇನ್ನೊಂದು ಸುರುಳಿ ಸುತ್ತಿತು.
ಹದಿಮೂರನೆಯದು ಸರಿ ಬಂತು.

ದೀಪ ಆರಿಸಿ ನೀಲಿ ಬೆಳಕು ಹಾಯಿಸಿದರೆ
ಮೀಸೆಯ ಒಂದೊಂದು ಕೂದಲಿಗೂ
ತೊಗಟೆಯಲ್ಲಿ ಒಂದೊಂದು ಪೀಪಾಯಿ;
ಕೆಳಗೆ ಐದನೆಯ ಪದರದ ದಪ್ಪ ಕೋಶಗಳು,
ದಾರಿಯಲ್ಲೊಂದು ಕವಲು ಬಿಟ್ಟು
ಬೆನ್ನಹುರಿಯ ಬುಡದವರೆಗೂ ಹೋಗಬಲ್ಲವು.
ಅವುಗಳಿಗೂ ಕೆಳಗೆ ಆರನೆಯದರ ಸಣ್ಣವು.
ಅಲ್ಲಿಂದ ಹಸಿರು ಎಳೆಗಳು
ಇಳಿಯುತ್ತವೆ, ಇಳಿಯುತ್ತಲೇ ಇರುತ್ತವೆ
ಥಲಾಮಸ್ಸಿನ ಕತ್ತಲೆಗೆ.

ಮೇಲೆ ಬರುವ ಸುದ್ದಿಗೆ ಒಂದು ಎಳೆಯಾದರೆ
ಕೆಳಗೆ ಹೋಗುವುದಕ್ಕೆ ಹತ್ತಂತೆ.
ಮೊದಲು ಓದಿದಾಗ ಅಚ್ಚಿನ ತಪ್ಪೆಂದುಕೊಂಡೆ.
ಬಾಗಿಲಿಗೆ ಬಂದವರು ಒಬ್ಬರೇ,
ಒಳಗಿಂದ ಹತ್ತು ದನಿ:
ಯಾರದು? ಯಾರದು?

ನನ್ನ ಕೆಳಮನೆಯ ಎಫಿ ಗೆಡ್ಡಿಸ್
(ಹೆಸರು ಕೇಳಿದ ದಿನ ಸುವರ್ಣಗೆಡ್ಡೆ ನೆನಪಾಗಿ ನಕ್ಕಿದ್ದೆ)
ಸೆಣಬಿನ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ.
ಮಗ್ಗದ ಸದ್ದಿಗೆ ಕಿವಿ ಕೊಟ್ಟು ಬಂದವಳು,
ತುಟಿ ನೋಡಿ ಮಾತು ತಿಳಿಯುತ್ತಾಳೆ.
ಕೆಟಲ್ ಕೂಗಿದರೆ ಕೇಳದು.
ಟೇ ಸೇತುವೆಗೆ ರೈಲು ಬಂದದ್ದು
ಗೋಡೆಗಿಟ್ಟ ಅಂಗೈಗೆ ಗೊತ್ತು.
"ನೂರು ಮಗ್ಗ ಒಟ್ಟಿಗೆ ಅರಚುವಾಗಲೂ
ನನ್ನದರಲ್ಲಿ ಒಂದೆಳೆ ಕಡಿದರೆ ತಿಳಿಯುತ್ತಿತ್ತು" ಅಂದಳು.
ಹೇಗೆ ಅಂದೆ.
ಮಗುವಿಗೆ ಹೇಳುವಂತೆ ಹೇಳಿದಳು:
"ಅದನ್ನೇ ಕಾಯ್ತಾ ಇದ್ದೆನಲ್ಲ."
ಆಮೇಲೆ ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿದಳು.

ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು.
ಪ್ರೊಫೆಸರ್ ಇದಕ್ಕೆ ಫೀಡ್‌ಬ್ಯಾಕ್ ಅನ್ನುತ್ತಾರೆ.
ನನಗೆ ಮನೆಮಾತಿನದೇ ಒಂದು ಪದ ಸಾಕು,
ಕೇಳುವುದು:
ಕಿವಿಗೂ ಅದೇ, ಬಾಯಿಗೂ ಅದೇ.
ಕೇಳದೆ ಏನೂ ಕೇಳಿಸದು ಅಂತ
ಇಲ್ಲಿ ಯಾರಿಗೆ, ಯಾವ ಭಾಷೆಯಲ್ಲಿ ಹೇಳಲಿ.

ಈ ಇಲಿ ಕೊನೆಯ ಸಲ ಮೀಸೆ ಆಡಿಸಿ
ಪೆಟ್ಟಿಗೆಯ ಗೋಡೆಯನ್ನು ಏನು ಕೇಳಿತೋ.
ಗಾಜಿನ ಮೇಲೆ ದಾರಿ ಉಳಿದಿದೆ,
ನಡೆದದ್ದು ಉಳಿದಿಲ್ಲ.
ಸೀಸದಕಡ್ಡಿ ಚೂಪು ಮಾಡಿಕೊಂಡು
ಅಂಚಿನಲ್ಲಿ ಬರೆಯುತ್ತೇನೆ:
ಹದಿಮೂರು. ಎಡ. ಆರನೆಯ ಪದರ.
ತುಸು ಹರಿದಿದೆ.