ಗೂಡು ಎಣಿಸುವ ಕಣ್ಣು

ಶಿಡ್ಲಘಟ್ಟ. ಗೂಡಿನ ಮಾರುಕಟ್ಟೆಯ ಹಿಂದಿನ ಓಣಿ.
ಮುಕ್ತಿಯಾರ್ ಸಾಬರ ಫಿಲೇಚರಿನಲ್ಲಿ
ಓಡುವ ಪಟ್ಟಿಯ ಮೇಲೆ ಕ್ಯಾಮೆರಾ ತೂಗುಹಾಕಿದ್ದೇನೆ.

ಮೊದಲು ಬಣ್ಣ ತೆಗೆಯಬೇಕು.
ಹಳದಿ, ಬಿಳಿ, ಕಲೆ, ಎಲ್ಲ ಬೂದಿ.
ಬೂದಿಯಲ್ಲಿ ಬೆಳಕು ಮುಗ್ಗರಿಸಿದ ಕಡೆಯೆಲ್ಲ
ಒಂದೊಂದು ಚುಕ್ಕೆ. ಅದು ಅಂಚು.
ಒಳಗಿನದು ಬೇಡ,
ಒಳಗಿನದಕ್ಕೆ ನಮ್ಮ ಕಸುಬಿನಲ್ಲಿ ಗದ್ದಲ ಎಂದು ಹೆಸರು.

ಆಮೇಲೆ ಮತದಾನ.
ಪ್ರತಿ ಚುಕ್ಕೆಯೂ ತಾನೆಂದೂ ಕಾಣದ ನಡುವಿಗೆ
ಅಗೋ, ಅಲ್ಲಿರಬೇಕು ಎಂದು ಓಟು ಹಾಕುತ್ತದೆ.
ಸುಳ್ಳು ಓಟು ಚದುರುತ್ತವೆ.
ಗುಪ್ಪೆ ಬಿದ್ದಲ್ಲಿ ಗೂಡು,
ಪರದೆಯಲ್ಲಿ ಅದಕ್ಕೊಂದು ಹಸಿರು ಉಂಗುರ.

ಇದನ್ನೆಲ್ಲ ಖಮರುನ್ನೀಸಾಗೆ ವಿವರಿಸಿದೆ,
ಇಪ್ಪತ್ತಾರು ವರ್ಷದಿಂದ ಗೂಡು ಆರಿಸುವಾಕೆ.
"ಓಟು ಹಾಕೋರು ಯಾರೂ ನಡೂನ ನೋಡೇ ಇಲ್ಲ ಅಂತೀರಿ.
ನಮ್ ವಾರ್ಡಿನಂಗೇ ಐತೆ ಬಿಡಿ" ಎಂದಳು.

ಮೊದಲ ದಿನದ ಎಣಿಕೆ, ನಿಮಿಷಕ್ಕೆ ನಾನೂರ ಹನ್ನೆರಡು.
ಅದರಲ್ಲಿ ಆಕೆಯ ಬಳೆ ಏಳು,
ಚಹಾದ ಲೋಟದ ಬಾಯಿ,
ಕನ್ನಡಕದ ಎರಡು ಗಾಜು.
"ಕಣ್ಣೂ ಹರಾಜಿಗೆ ಇಟ್ರಾ ಭಾಯಿ?"
ಅಳತೆಯ ಮಿತಿ ಬಿಗಿ ಮಾಡಿದೆ.
ಬಳೆ ಹೋಯಿತು, ಲೋಟ ಹೋಯಿತು.
ಎಡಗಾಜು ಮಾತ್ರ, ಆಕೆ ಓರೆಯಾಗಿ ಬಗ್ಗಿದಾಗಲೆಲ್ಲ,
ಮೂರು ದಿನ ಗೂಡಾಗಿಯೇ ಉಳಿಯಿತು.

ಜೋಡಿಗೂಡು ತಪ್ಪಿಸಿಕೊಳ್ಳುತ್ತಿತ್ತು.
ಎರಡು ಹುಳು ಸೇರಿ ಕಟ್ಟಿದ್ದು, ಎಳೆ ಸಿಕ್ಕು, ಬಿಚ್ಚಲು ಬಾರದು.
ಅಂಚಿನ ಲೆಕ್ಕಕ್ಕೆ ಅದು ಬರೀ ಸ್ವಲ್ಪ ದುಂಡು.
ಆಕೆ ನೋಡಲೂ ಇಲ್ಲ, ಕಿವಿಯ ಬಳಿ ಅಲುಗಿಸಿದಳು.
"ಒಬ್ಬರಲ್ಲ. ಇಬ್ಬರವ್ರೆ."
ಕ್ಯಾಮೆರಾಗೆ ಕಿವಿಯಿಲ್ಲ ಎಂದೆ.
"ಕೈಯಾದ್ರೂ ಐತಾ?"

ರಾತ್ರಿ ಲಾಡ್ಜಿನಲ್ಲಿ
ಒಂದೇ ಗೂಡಿನ ಚಿತ್ರ ಹಿಗ್ಗಿಸಿ ಕೂತೆ.
ಗದ್ದಲವೆಂದು ನಾನು ಒರೆಸಿದಲ್ಲೆಲ್ಲ ಎಂಟು,
ಕನ್ನಡದ ಎಂಟಲ್ಲ, ಇಂಗ್ಲಿಷಿನದು,
ಎಂಟಿನ ಮೇಲೆ ಎಂಟು, ಮೂಲೆಯಿಲ್ಲ,
ಎಲ್ಲೂ ಕೈ ಎತ್ತದ ಒಂದೇ ಗೆರೆ,
ಬಿಚ್ಚಿದರೆ ಇಲ್ಲಿಂದ ಬಸ್‌ಸ್ಟ್ಯಾಂಡಿನವರೆಗೆ.
ಅಂಡಾಕಾರವನ್ನು ಹುಳು ಬರೆದೇ ಇಲ್ಲ.
ತಲೆ ಎಟುಕಿದಷ್ಟು ದೂರ ಅದು,
ಅಷ್ಟೇ.
ನಾನು ಹುಡುಕುವುದು ಆ ಅಷ್ಟೇಯನ್ನು.

ವರದಿಯಲ್ಲಿ ನಿಖರತೆ: ನೂರಕ್ಕೆ ತೊಂಬತ್ತೊಂದು.
ಉಳಿದ ಒಂಬತ್ತು ಬಿದಿರುಬುಟ್ಟಿಯಲ್ಲಿ
ಆಕೆಯ ಎಡಮಗ್ಗುಲಿಗೆ ಹೋಗುತ್ತವೆ.

ಈಗೀಗ ಬಳೆ ಬಿಚ್ಚಿ
ಕಿಟಕಿಯ ಕಂಬಿಗೆ ಸಿಕ್ಕಿಸಿ ಕೂರುತ್ತಾಳೆ.
ನಾನು ಹೇಳಿರಲಿಲ್ಲ.
ಬೇಕಿಲ್ಲ, ಮಿತಿ ಸರಿಮಾಡಿದ್ದೇನೆ ಎಂದು
ನಾಳೆಯಾದರೂ ಹೇಳಬೇಕು.