ಏಳನೆಯಾಂವ

ಕುರ್ಲಾ ಸ್ಟೇಷನ್ನಿನ ಸೇತುವಿ ಮ್ಯಾಲೆ
ಹನ್ನೊಂದು ವರ್ಷ ನಿಂತೀನಿ,
ಕರೀ ಕೋಟು, ದಂಡದ ರಸೀದಿ ಪುಸ್ತಕ.
ಹರಕು ಚಪ್ಪಲಿ ಕಂಡರ ಕೈ ತಾನಾಗೇ ಏಳತಿತ್ತು.
ಇಸ್ತ್ರಿ ಅಂಗಿ ಬಂದರ
ಕಣ್ಣು ಪಕ್ಕಕ್ಕ ಸರಿದು ಹಾದಿ ಬಿಡತಿತ್ತು.
ಇದಕ್ಕ ನಾನು ಅನುಭವ ಅಂತಿದ್ದೆ.
ನಿಂದು ನಾಯಿ ಮೂಗು ನೋಡು, ಅಂತಿದ್ದಳು
ಜೋಡಿ ಡ್ಯೂಟಿಯ ಉಜ್ಜ್ವಲಾ ತಾಂಬೆ.

ಭಾಯಖಳಾದ ತರಬೇತಿಯೊಳಗ
ಡಾಕ್ಟರ್ ಶಹನಾಜ್ ಪರಕಾರ್ ಗೋಡೆಗೆ ಮಿದುಳು ಬಿಟ್ಟರು,
ಹೋಳು ಮಾಡಿದ ಹೂಕೋಸಿನಂಗಿತ್ತು.
ನಡುವ ಎರಡು ಕಾಳು.
ಆಕಾರ ಬಾದಾಮಿ, ಹೆಸರೂ ಅದಽ.
ನಕ್ಕುಬಿಟ್ಟೆ, ನಮ್ಮೂರ ಹೆಸರದು.
ಎದುರಿಗೆ ಬಂದಾಂವ ಯಾರಂತ ನಿಮಗ ತಿಳಿಯೂದರೊಳಗ
ಅಲ್ಲಿ ಗಂಟಿ ಬಾರಿಸಿರತೈತಿ, ಅಂದರು.
ಕಾರಣ ಅನ್ನೂದು ಹಿಂದಿನ ಲೋಕಲ್ ಹಿಡಿದು ಬರತೈತಿ.
ಬಂದು, ಕಿಡಕಿ ಪಕ್ಕ ಕೂತು,
ಮೊದಲಿಂದ ಇಲ್ಲೇ ಇದ್ದೆ ಅಂತೈತಿ.

ಆ ರಾತ್ರಿ ಹಳೇ ರಸೀದಿ ತಿರುವಿದೆ.
ಹೆಸರು ಎಲ್ಲಾ ಒಂದಽ ಓಣಿಯವರಂಗ ಇದ್ದುವು.
ಕೆಂಪು ಕಲ್ಲು ಒಡೆದು ಒಡೆದು
ಹಿಮ್ಮಡಿ ಸೀಳಿದ ನಮ್ಮಪ್ಪ ಈ ಸೇತುವಿ ಏರಿದ್ದರ
ನಾನಽ ಕೈ ಅಡ್ಡ ಹಿಡೀತಿದ್ದೆ.

ಮರುದಿನದಿಂದ ಎಣಿಕಿ.
ಮುಖ ನೋಡೂದಿಲ್ಲ, ಪಾದ ನೋಡೂದಿಲ್ಲ.
ಪ್ರತಿ ಏಳನೆಯವರು, ಯಾರಽ ಇರಲಿ.
ರೇಷ್ಮಿ ಟೈ ಒಂದು
ಹೋದ ದೀಪಾವಳಿಗೆ ಮುಗಿದ ಪಾಸು ತೆಗೀತು.
ಮುತ್ತಿನ ಸರದ ಅಜ್ಜಿ ಹತ್ರ ಟಿಕೆಟ್ ಇರಲಿಲ್ಲ,
ಮರಾಠಿ ಬೈಗಳ ಭಾಳ ಇದ್ದುವು.
ಹರಕು ಚಪ್ಪಲಿಯ ಹುಡುಗ, ಆರನೆಯಾಂವ,
ನಾನು ಕೇಳಿರಲಿಲ್ಲ,
ತಾನಾಗೇ ನಿಂತು ಪಾಸು ಎತ್ತಿ ಹಿಡಿದ.
ಅವನೊಳಗೂ ಒಂದು ಬಾದಾಮಿ,
ನನ್ನ ಕೋಟಿನ ಬಣ್ಣ ಬಾಯಿಪಾಠ ಮಾಡಿದ್ದು.

ನಿನ್ನೆ ಸಂಜಿ, ಆರರ ಗದ್ದಲ.
ಮೂರು, ನಾಕು, ಐದು…
ಹಣಿ ಬೆವರಿದಾಂವ ಒಬ್ಬ, ಕಣ್ಣು ತಪ್ಪಿಸಿದ.
ಬಾಯಿ ಏಳು ಅಂತು.

ಆರು ಎಲ್ಲಿ ಹೋತು?

ಅವನ ಕಿಸೆದಾಗ ಟಿಕೆಟ್ ಇತ್ತು,
ಬೆವರಿಗೆ ಮೆತ್ತಗಾಗಿತ್ತು.
ತಿರುಗಿ ಕೊಟ್ಟೆ. ಏನೂ ಅನ್ನದಽ ಹೋದ.
ಉಜ್ಜ್ವಲಾ ದೂರದಿಂದ ಹುಬ್ಬು ಹಾರಿಸಿದಳು, ಸಿಕ್ಕನೇನು?
ಇಲ್ಲ ಅಂತ ತಲಿ ಆಡಿಸಿದೆ.
ಮತ್ತ ಒಂದರಿಂದ ಸುರು ಮಾಡಿದೆ,
ಈ ಸಲ
ಕೋಟಿನ ಕಿಸೆಯೊಳಗ ಬೆರಳು ಮಡಚಿ.